ವಕೀಲರ ಕಚೇರಿಯ ಮೆಟ್ಟಿಲು ಹತ್ತುವ ಮೊದಲು

(ನಮ್ಮ ಬಡಾವಣೆಯ ಗ್ರಂಥಾಲಯದ ಮೇಲ್ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಧ್ವನಿಮುದ್ರಣ ಕೇಳಿ ಬರೆದುಕೊಟ್ಟ ಗೆಳತಿ ನನ್ನ ಕೆಮ್ಮನ್ನೂ ನೀರು ಕುಡಿದ ವಿರಾಮಗಳನ್ನೂ ತೆಗೆದಿದ್ದಾಳೆ, ಮಾತಿನ ವರಸೆಯನ್ನು ಮುಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಮುಂದೆ ಬನ್ನಿ ಅಂತ ನಾನು ಕರೆಯುವುದಿಲ್ಲ. ವಿಚ್ಛೇದನಕ್ಕೆ ಎಂಥ ವಕೀಲರನ್ನು ಹಿಡಿಯಬೇಕು ಎಂಬ ಇಂಥ ಸಭೆಗೆ ಬರುವವರು ಬಾಗಿಲ ಹತ್ತಿರವೇ ಕೂರುವುದು. ಯಾಕೆ ಬಂದಿರಿ ಎಂದು ಕೇಳಿದರೆ 'ಅಕ್ಕನ ಮಗಳಿಗೋಸ್ಕರ ಬಂದೆ' ಎನ್ನುತ್ತಾರೆ. ಇರಲಿ, ಅಕ್ಕನ ಮಗಳಿಗೋಸ್ಕರವೇ ಕೇಳಿಸಿಕೊಳ್ಳಿ.

ಮೊದಲು ನನ್ನ ವಕೀಲಿ ಕಸುಬಿಗೇ ನಷ್ಟವಾಗುವ ಒಂದು ಸಂಗತಿ ಹೇಳಿಬಿಡುತ್ತೇನೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ ನ್ಯಾಯದೇಗುಲ ಅಂತ ಕಟ್ಟಡವಿದೆ, ಕುಟುಂಬ ನ್ಯಾಯಾಲಯ ಅಲ್ಲಿದೆ, ನನ್ನ ವೃತ್ತಿಯ ಬಹುಪಾಲು ವರ್ಷಗಳು ಅಲ್ಲಿನ ಮೆಟ್ಟಿಲ ಮೇಲೆ ಸವೆದಿವೆ. ಆ ನ್ಯಾಯಾಲಯವನ್ನು ಹುಟ್ಟಿಸಿದ್ದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ. ಅದರ 13ನೇ ಕಲಮು ಏನು ಹೇಳುತ್ತದೆ ಗೊತ್ತೇ? ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಯಾವ ಕಕ್ಷಿದಾರರ ಹಕ್ಕೂ ಅಲ್ಲ. ನ್ಯಾಯಾಲಯ ಅನುಮತಿ ಕೊಟ್ಟರೆ ಉಂಟು. ಕೊಲೆ ಕೇಸಿನಲ್ಲಿ ವಕೀಲರು ಹಕ್ಕು, ಗಡಿಕಲ್ಲಿನ ಜಗಳದಲ್ಲಿ ವಕೀಲರು ಹಕ್ಕು, ಗಂಡ ಹೆಂಡತಿ ಬೇರೆಯಾಗುವಾಗ ಮಾತ್ರ ನಾವು ಒಳಗೆ ಬರಬೇಕಾದರೆ ಕೇಳಿಕೊಂಡು ಬರಬೇಕು.

ನಗಬೇಡಿ, ಸುಮ್ಮನೆ ಬರೆದ ಕಲಮಲ್ಲ ಅದು. ಮನೆಯ ಜಗಳಕ್ಕೆ ನಾವು ಕೈ ಹಾಕಿದರೆ ಏನಾಗುತ್ತದೆ ಎಂಬ ಅಂದಾಜು ಕಾಯ್ದೆ ಮಾಡಿದವರಿಗೆ ಇತ್ತು. ಈಗ ನಡೆಯುವುದು ಬೇರೆ ಬಿಡಿ. ವಕಾಲತ್ತಿನ, ಅಂದರೆ ನಿಮ್ಮ ಪರ ನಿಲ್ಲಲು ನೀವು ಸಹಿ ಹಾಕಿಕೊಡುವ ಪತ್ರದ, ಜೊತೆಗೇ ಅನುಮತಿಯ ಒಂದು ಅರ್ಜಿ ಹೋಗುತ್ತದೆ, ಎದುರಿನವರೂ ಒಂದು ಕೊಡುತ್ತಾರೆ, ಎರಡಕ್ಕೂ ಒಪ್ಪಿಗೆ ಸಿಗುತ್ತದೆ. ಆದರೂ ಆ ಕಲಮನ್ನು ನಾನು ಪ್ರತಿ ಹೊಸ ಕಕ್ಷಿದಾರರಿಗೆ ಹೇಳುತ್ತೇನೆ. ಕೇಸು ನಿಮ್ಮದು, ನಾನು ನೀವು ಕರೆದುಕೊಂಡು ಬಂದವಳು. ಒಳಗೆ ನ್ಯಾಯಾಧೀಶರು ಮಾತಾಡಿಸುವುದು ನಿಮ್ಮನ್ನೇ. ರಾಜಿಗೆ ಪ್ರಯತ್ನ ಮಾಡಬೇಕಾದ್ದು ನ್ಯಾಯಾಲಯದ ಕರ್ತವ್ಯ ಎಂದು 9ನೇ ಕಲಮಿನಲ್ಲಿದೆ. ಹಾಗಾಗಿ ಆಪ್ತಸಮಾಲೋಚಕರ ಕೋಣೆಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ನಿಮ್ಮನ್ನು ಕಳಿಸುತ್ತಾರೆ. ಆಪ್ತಸಮಾಲೋಚಕರ ಮುಂದೆ ಕೂತಾಗ ನಿಮ್ಮ ವಕೀಲರು ಹೆಚ್ಚಿನ ಸಲ ಹೊರಗೆ ಕಾರಿಡಾರಿನಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಆದ್ದರಿಂದ ತಾವಿಲ್ಲದ ಆ ಕೋಣೆಗೆ ನಿಮ್ಮನ್ನು ತಯಾರು ಮಾಡಿ ಕಳಿಸುವವರನ್ನು ಹುಡುಕಿ. ನಾನು ಈವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಇದರ ಟಿಪ್ಪಣಿ.

ಜನ ವಕೀಲರನ್ನು ಹುಡುಕುವ ರೀತಿ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಮದುವೆಗೆ ಗಂಡು ನೋಡುವಾಗ ಅವರ ಅಜ್ಜನ ಊರಿಗೂ ಹೋಗಿ ವಿಚಾರಿಸಿದವರು, ವಿಚ್ಛೇದನಕ್ಕೆ ವಕೀಲರನ್ನು ಫೋನಿನಲ್ಲಿ ಮೊದಲು ಕಂಡ ಹೆಸರಿನಿಂದ ಆರಿಸಿಬಿಡುತ್ತಾರೆ. 'ಬೆಂಗಳೂರಿನ ಟಾಪ್ 10 ಡೈವೋರ್ಸ್ ಲಾಯರ್‌ಗಳು' ಎಂಬ ಪಟ್ಟಿಗಳನ್ನು ನೀವೂ ನೋಡಿರುತ್ತೀರಿ. ಒಂದು ಮಾತು ನೆನಪಿರಲಿ: ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕೆಲಸ ಹಿಡಿಯುವಂತಿಲ್ಲ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಇಂಥ ಆನ್‌ಲೈನ್ ಪಟ್ಟಿಗಳ ಮೇಲೆ ಕಟುವಾಗಿಯೇ ತೀರ್ಪು ಕೊಟ್ಟಿತು. ಹೆಸರು ಮೇಲೆ ಬಂದಿದೆ ಎಂದರೆ ಅದಕ್ಕೆ ಯಾರೋ ದುಡ್ಡು ಕೊಟ್ಟಿದ್ದಾರೆ ಎಂದಷ್ಟೇ ತಿಳಿಯಿರಿ. ನಮ್ಮ ರಾಜ್ಯದ ವಕೀಲರ ನೋಂದಣಿ ಸಂಖ್ಯೆ ಕೆಎಆರ್ ಎಂದು ಶುರುವಾಗಿ ಸಂಖ್ಯೆ, ವರ್ಷ ಎಂದು ಮುಗಿಯುತ್ತದೆ. ಅದನ್ನು ಕೇಳಿದರೆ ಯಾವ ನಿಜವಾದ ವಕೀಲರಿಗೂ ಬೇಜಾರಾಗುವುದಿಲ್ಲ.

ಇನ್ನೊಂದು ದಾರಿ 'ದೊಡ್ಡ ವಕೀಲರು'. ಮಾವನ ಜಮೀನಿನ ಕೇಸು ಗೆದ್ದುಕೊಟ್ಟವರು, ಟಿವಿಯಲ್ಲಿ ಬಂದವರು. ದೊಡ್ಡವರು ವಕಾಲತ್ತು ಹಾಕುತ್ತಾರೆ, ವಾಯಿದೆಗೆ ಜೂನಿಯರ್ ಬರುತ್ತಾನೆ, ಆ ಜೂನಿಯರ್ ಪಾಸ್ ಓವರ್ ಕೇಳುತ್ತಾನೆ, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎನ್ನುತ್ತಾನೆ, ಮಧ್ಯಾಹ್ನ ಮತ್ತೆ ಕರೆದಾಗ ಅವನೂ ಬೇರೆ ಹಾಲ್‌ನಲ್ಲಿರುತ್ತಾನೆ. ಇದನ್ನು ನೀವು ಮುಂಚೆಯೇ ಕಣ್ಣಾರೆ ನೋಡಬಹುದು. ಕುಟುಂಬ ನ್ಯಾಯಾಲಯದ ವಿಚಾರಣೆ ಬಹಳ ಸಲ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಯಾರಾದರೂ ಒಬ್ಬರು ಬೇಕೆಂದರೂ ಹಾಗೆಯೇ ನಡೆಸಬೇಕು. ಆದ್ದರಿಂದ ಒಳಗೆ ಕೂತು ನೋಡಲಾರಿರಿ. ಆದರೆ ಕಾರಿಡಾರು ಯಾರಪ್ಪನದೂ ಅಲ್ಲ. ಬೆಳಿಗ್ಗೆ ಕೇಸು ಕೂಗುವ ಹೊತ್ತಿಗೆ ಹೋಗಿ ಒಂದೆರಡು ಗಂಟೆ ನಿಲ್ಲಿ. ಯಾರು ತಾವೇ ಬರುತ್ತಾರೆ, ಯಾರು ತಮ್ಮ ಕಕ್ಷಿದಾರರನ್ನು ಹೆಸರು ಹಿಡಿದು ಕರೆಯುತ್ತಾರೆ, ಯಾರು ಫೈಲಿನ ಮೇಲಿನ ಹೆಸರು ಓದಿ 'ಯಾರಮ್ಮ ಇದು?' ಎಂದು ಕೂಗುತ್ತಾರೆ, ಎಲ್ಲ ಗೊತ್ತಾಗುತ್ತದೆ.

ಈಗ ಮೊದಲ ಭೇಟಿಯ ಮಾತು.

ಬಂದವರು ತೊಂಬತ್ತು ಭಾಗ 'ಅವನು ಏನು ಮಾಡಿದ, ಅವಳು ಏನು ಮಾಡಿದಳು' ಎಂದು ಹೇಳುತ್ತಾರೆ. ಸಹಜ, ಹೊಟ್ಟೆಯೊಳಗಿನ ಕಿಚ್ಚು ಅದು. ವಕೀಲರು ಅದನ್ನು ಕೇಳಿಸಿಕೊಳ್ಳಬೇಕು. ಆದರೆ ಕೇಳಿಸಿಕೊಂಡ ಮೇಲೆ 'ನಿಮಗೆ ಈಗ ಏನು ಬೇಕು?' ಎಂದು ಕೇಳದವರ ಹತ್ತಿರ ಎರಡನೇ ಸಲ ಹೋಗಬೇಡಿ. ಬೇರೆ ಮನೆ ಬೇಕೇ, ತಿಂಗಳ ಖರ್ಚು ಬೇಕೇ, ಮಗು ಯಾವ ಶಾಲೆಯಲ್ಲಿ ಮುಂದುವರಿಯಬೇಕು, ಒಡವೆ ಎಲ್ಲಿದೆ, ಅಥವಾ ನಿಜಕ್ಕೂ ವಿಚ್ಛೇದನವೇ ಬೇಕೇ? ಎಷ್ಟೋ ಜನಕ್ಕೆ ವಿಚ್ಛೇದನ ಬೇಡ, ಅತ್ತೆ ಮನೆಯಿಂದ ಬೇರೆ ಮನೆ ಬೇಕು. ಅದಕ್ಕೆ ಅರ್ಜಿಯೇ ಬೇರೆ, ಕೆಲವು ಸಲ ಅರ್ಜಿಯೇ ಬೇಡ.

ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಅಪ್ಪ, ಅಮ್ಮ, ಸೋದರಮಾವ, ಎಲ್ಲರೂ ಬಂದು ಕೂರುತ್ತಾರೆ. ಮಾತೆಲ್ಲ ಅಪ್ಪನದು. ಮಗಳು ಮೂಲೆಯಲ್ಲಿ ದುಪಟ್ಟಾದ ಅಂಚು ಸುತ್ತುತ್ತಿರುತ್ತಾಳೆ. ಮಗನಾದರೆ ಫೋನು ನೋಡುತ್ತಿರುತ್ತಾನೆ. ನಾನು ಎಲ್ಲರಿಗೂ ಕೆಳಗಿನ ಅಂಗಡಿಯಲ್ಲಿ ಟೀ ಕುಡಿದು ಬನ್ನಿ ಎಂದು ಕಳಿಸುತ್ತೇನೆ. ಆ ಹದಿನೈದು ನಿಮಿಷದಲ್ಲಿ ಕೇಸಿನ ದಿಕ್ಕೇ ಬದಲಾದದ್ದು ಎಷ್ಟು ಸಲವೋ. ಕಕ್ಷಿದಾರರನ್ನು ಒಬ್ಬರೇ ಕೂರಿಸಿ ಮಾತಾಡಿಸದ ವಕೀಲರು ಅಪ್ಪನ ವಕೀಲರು, ಮಗಳ ವಕೀಲರಲ್ಲ.

ನಾನೇ ಮಾಡಿದ ಒಂದು ತಪ್ಪು ಹೇಳಬೇಕು, ಇಲ್ಲದಿದ್ದರೆ ಇದು ಬರೀ ಬುದ್ಧಿವಾದ ಆಗುತ್ತದೆ. ವೃತ್ತಿಗೆ ಬಂದ ಮೊದಲ ವರ್ಷಗಳು. ಒಬ್ಬ ಗಂಡನ ಪರವಾಗಿ ಕ್ರೌರ್ಯದ ಆಧಾರದ ಮೇಲೆ ಅರ್ಜಿ ಬರೆದೆ. ಮೂವತ್ತೆಂಟು ಪುಟ. ಅವರು ಹೇಳಿದ್ದೆಲ್ಲ ಬರೆದೆ, ಹೇಳದೇ ಇದ್ದದ್ದಕ್ಕೂ ಬಣ್ಣ ಹಚ್ಚಿದೆ. ಹೆಂಡತಿಯ ತಾಯಿಗೆ ಇದ್ದ ಮಾನಸಿಕ ಕಾಯಿಲೆಯನ್ನೂ ಎಳೆದು ತಂದೆ, 'ವಂಶದಲ್ಲೇ ಇದೆ' ಎಂಬ ಧಾಟಿಯಲ್ಲಿ. ಓದಿ ನೋಡಿದ ಕಕ್ಷಿದಾರರು 'ಮೇಡಂ, ಬೆಂಕಿ!' ಎಂದರು. ನನಗೆ ಹೆಮ್ಮೆ. ಆರೇಳು ತಿಂಗಳ ಮೇಲೆ ಮಧ್ಯಸ್ಥಿಕೆಯಲ್ಲಿ ಇಬ್ಬರೂ ಮೆತ್ತಗಾದರು. ಮೊತ್ತ ಒಪ್ಪಿಗೆಯಾಯಿತು, ಮಗುವನ್ನು ನೋಡುವ ದಿನಗಳೂ ಒಪ್ಪಿಗೆಯಾದವು. ಸಹಿ ಹಾಕುವ ದಿನ ಆ ಹೆಣ್ಣುಮಗಳು ಅರ್ಜಿಯ ಪ್ರತಿ ತಂದಿದ್ದಳು. ಅಮ್ಮನ ಬಗ್ಗೆ ಬರೆದ ಪುಟ ತೆಗೆದು ಗಟ್ಟಿಯಾಗಿ ಓದಿದಳು. 'ಇವರು ಹೊಡೆದದ್ದು ಮರೆಯುತ್ತೇನೆ, ಈ ಕಾಗದ ಮರೆಯುವುದಿಲ್ಲ' ಎಂದಳು. ಎದ್ದು ಹೋದಳು. ಆ ಕೇಸು ಇನ್ನೂ ನಾಲ್ಕು ವರ್ಷ ನಡೆಯಿತು. ಮಗು ಅಷ್ಟರಲ್ಲಿ ಎರಡನೇ ಕ್ಲಾಸಿನಿಂದ ಆರನೇ ಕ್ಲಾಸಿಗೆ ಬಂತು. ಆ ಕಾಗದ ಬರೆದವಳು ನಾನು.

ಹಾಗಾಗಿ ವಕೀಲರು ಬರೆದ ಕರಡನ್ನು ಸಲ್ಲಿಸುವ ಮೊದಲು ಓದಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಅದರಲ್ಲಿ ನಡೆಯದ್ದೊಂದು ಇದ್ದರೂ ನಾಳೆ ಪಾಟೀಸವಾಲಿನಲ್ಲಿ ಕಟಕಟೆಯಲ್ಲಿ ನಿಂತು ಬೆವರುವವರು ನೀವು. ಖಾಲಿ ಹಾಳೆಗೆ, ಖಾಲಿ ಅಫಿಡವಿಟ್‌ಗೆ ಸಹಿ ಬೇಡವೇ ಬೇಡ, 'ಸುಮ್ಮನೆ ಇರಲಿ ಅಂತ' ಎಂದರೂ ಬೇಡ. ವಕಾಲತ್ತು ನಾಮೆಯನ್ನೂ ಓದಿ. ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ಅದರಲ್ಲಿ ಅಚ್ಚು ಹಾಕಿಸಿರುತ್ತಾರೆ. ನಿಮ್ಮ ಸ್ಪಷ್ಟ ಸೂಚನೆ ಇಲ್ಲದೆ ನಿಮ್ಮ ಹಕ್ಕನ್ನು ಬಿಟ್ಟುಕೊಡಲು ವಕೀಲರಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಆದರೆ ಅಲ್ಲಿಯವರೆಗೂ ಹೋಗುವಂತೆ ಯಾಕೆ ಮಾಡಿಕೊಳ್ಳಬೇಕು?

'ಮೊದಲು ಒಂದು 498ಎ ಹಾಕೋಣ, ಆಮೇಲೆ ತಾನೇ ದಾರಿಗೆ ಬರುತ್ತಾರೆ' ಎನ್ನುವ ವಕೀಲರಿದ್ದಾರೆ. ಗಂಡ, ಗಂಡನ ಮನೆಯವರ ಕ್ರೌರ್ಯದ ಮೇಲಿನ ಕ್ರಿಮಿನಲ್ ಕೇಸು ಅದು; ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಹೊಡೆತ ತಿಂದವರು, ಬೆದರಿಕೆಯಲ್ಲಿ ಬದುಕುತ್ತಿರುವವರು ದೂರು ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ರಕ್ಷಣೆಯ ಆದೇಶವೂ ಉಂಟು, ಮನೆಯಿಂದ ಹೊರಹಾಕದಂತೆ ವಾಸದ ಆದೇಶವೂ ಉಂಟು. ಮನೆ ಅತ್ತೆಯ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಸೊಸೆಗೆ ಅಲ್ಲಿ ಇರುವ ಹಕ್ಕಿಲ್ಲ ಎನ್ನಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಹಣದ ಮಾತುಕತೆಗೆ ಬಲ ಬರಲಿ ಎಂದು ಪೊಲೀಸ್ ಠಾಣೆಯನ್ನು ಬಳಸಿದರೆ, 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಯಾಂತ್ರಿಕವಾಗಿ ಬಂಧನವೂ ಆಗುವುದಿಲ್ಲ, ಮನಸ್ಸು ಮಾತ್ರ ಕಲ್ಲಾಗುತ್ತದೆ. ಗಂಡಿನ ಕಡೆಗೂ ಇಂಥ ಸಲಹೆಗಾರರು ಕಡಿಮೆಯಿಲ್ಲ: 'ಕೆಲಸ ಬಿಟ್ಟುಬಿಡಿ, ಆಗ ಜೀವನಾಂಶ ಕೊಡಬೇಕಿಲ್ಲ.' ದುಡಿಯುವ ಶಕ್ತಿ ಇರುವ ಗಂಡಸು ಬೇಕೆಂದೇ ಕೆಲಸ ಬಿಟ್ಟರೆ ನ್ಯಾಯಾಲಯ ಅವನ ಸಾಮರ್ಥ್ಯ ನೋಡುತ್ತದೆಯೇ ಹೊರತು ಅವನ ರಾಜೀನಾಮೆ ಪತ್ರ ನೋಡುವುದಿಲ್ಲ.

ದಾರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಾನು ಹೇಳುವುದು ಹಿಂದೂ ವಿವಾಹ ಕಾಯ್ದೆಯದು. ಕ್ರೈಸ್ತರಿಗೆ 1869ರ ಕಾಯ್ದೆ, ರಿಜಿಸ್ಟರ್ ಮದುವೆಯಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ, ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ ಇದೆ. ಮೊದಲ ಭೇಟಿಯಲ್ಲೇ 'ನಿಮ್ಮ ಮದುವೆ ಎಲ್ಲಿ, ಹೇಗೆ ಆಯಿತು?' ಎಂದು ಕೇಳದವರು ಯಾವ ಕಾಯ್ದೆಯಡಿ ಅರ್ಜಿ ಹಾಕುತ್ತಾರೋ ದೇವರೇ ಬಲ್ಲ. ಪರಸ್ಪರ ಒಪ್ಪಿಗೆಯಾದರೆ 13ಬಿ: ಒಂದು ವರ್ಷ ಬೇರೆ ಇದ್ದಿರಬೇಕು, ಮೊದಲ ಅರ್ಜಿಯಾದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎಲ್ಲರೂ 'ಬೇಗ ಆಗುತ್ತಾ ಮೇಡಂ' ಎಂದೇ ಕೇಳುತ್ತಾರೆ. ಆಗಬಹುದು, ಆದರೆ ತಾನಾಗಿ ಆಗುವುದಿಲ್ಲ, ಅದಕ್ಕೂ ಅರ್ಜಿ ಬೇಕು, ಕಾರಣ ಬೇಕು.

ಒಪ್ಪಿಗೆ ಇಲ್ಲದಿದ್ದರೆ ಅದೇ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮು, ಕ್ರೌರ್ಯ, ತೊರೆದು ಹೋದದ್ದು ಇತ್ಯಾದಿ. ನೋಟಿಸ್ ಮುಟ್ಟಿದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಬರೆದಿದೆ ಅಷ್ಟೇ. 'ಮದುವೆ ಸತ್ತುಹೋಗಿದೆ, ಐದು ವರ್ಷ ಬೇರೆ ಇದ್ದೀರಿ, ಆಟೋಮ್ಯಾಟಿಕ್ ಆಗಿ ಡೈವೋರ್ಸ್ ಸಿಗುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮದುವೆ ಸರಿಪಡಿಸಲಾರದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿನದು, ಸಂವಿಧಾನದ 142ನೇ ವಿಧಿಯಡಿ. 2023ರ ಸಂವಿಧಾನ ಪೀಠದ ತೀರ್ಪು ಅದನ್ನೇ ಹೇಳಿತು. ಕುಟುಂಬ ನ್ಯಾಯಾಲಯದ ಕೈಯಲ್ಲಿ ಆ ಆಧಾರವಿಲ್ಲ.

ಫೀಸು. ಎಲ್ಲರೂ ಕೇಳಲು ನಾಚುವ ವಿಷಯ. ಒಟ್ಟು ಮೊತ್ತಕ್ಕೆ ಒಪ್ಪುವವರಿದ್ದಾರೆ, ಒಂದೊಂದು ವಾಯಿದೆಗೆ ಇಷ್ಟು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ವಾಯಿದೆ ಲೆಕ್ಕ ಕಕ್ಷಿದಾರರಿಗೆ ಒಳ್ಳೆಯದಲ್ಲ, ಕೇಸು ಉದ್ದವಾದಷ್ಟೂ ಲಾಭ ಎಂಬ ಪರಿಸ್ಥಿತಿಯಲ್ಲಿ ಯಾವ ಮನುಷ್ಯನನ್ನೂ ಇಡಬಾರದು. ಹಂತದ ಲೆಕ್ಕ ಮೇಲು: ಅರ್ಜಿ ಸಲ್ಲಿಕೆಗೆ ಇಷ್ಟು, ಮಧ್ಯಂತರ ಅರ್ಜಿಗಳಿಗೆ ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು. ಕಾಗದದಲ್ಲಿ ಬರೆಸಿಕೊಳ್ಳಿ, ರಸೀದಿ ಕೇಳಿ, ಗುಮಾಸ್ತರ ಖರ್ಚು ಯಾರದು ಎಂದೂ ಕೇಳಿ. ಮತ್ತೆ ಇದನ್ನು ಬರೆದುಕೊಳ್ಳಿ: ಬರುವ ಜೀವನಾಂಶದಲ್ಲಿ ಶೇಕಡ ಇಷ್ಟು ನನಗೆ ಎನ್ನುವುದು ನಿಯಮಬಾಹಿರ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣ, ಅದು ಅಪಘಾತ ಪರಿಹಾರದ್ದು, ವಕೀಲರು ಗಂಡನನ್ನು ಕಳೆದುಕೊಂಡ ಹೆಂಗಸಿನ ಹತ್ತಿರ ಪರಿಹಾರದ ಶೇ 16ರಷ್ಟು ಕೇಳಿದ್ದರು. ಇಂಥ ಪಾಲಿನ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ಜೀವನಾಂಶದಲ್ಲಿ ಪಾಲು ಕೇಳುವವರು ಇವತ್ತೂ ಇದ್ದಾರೆ. 'ಅದು ಮಕ್ಕಳ ಅನ್ನದ ದುಡ್ಡು' ಎಂದು ಹೇಳಿ ಎದ್ದು ಬನ್ನಿ.

ಫೀಸಿಗೆ ದುಡ್ಡಿಲ್ಲದಿದ್ದರೆ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಹಕ್ಕು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು. ಸಹಾಯವಾಣಿ 15100. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ. ಉಚಿತ ಎಂದರೆ ಕಳಪೆ ಎಂಬ ಭಾವನೆ ಬಿಡಿ, ಅಲ್ಲಿ ನನಗಿಂತ ಶ್ರದ್ಧೆಯಿಂದ ಫೈಲು ಓದುವ ಹುಡುಗಿಯರನ್ನು ಕಂಡಿದ್ದೇನೆ. ಜೊತೆಗೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಕೇಸಿನ ಖರ್ಚನ್ನೇ ಎದುರು ಪಕ್ಷದಿಂದ ಕೇಳಬಹುದು, ಹೆಂಡತಿಯೂ ಕೇಳಬಹುದು, ಗಂಡನೂ ಕೇಳಬಹುದು.

ಜೀವನಾಂಶದ ಮಾತು ಬಂತಲ್ಲ. ನಮ್ಮಲ್ಲಿ ಧಾರಾವಾಹಿ ನೋಡಿ 'ಗಂಡನ ಆಸ್ತಿಯಲ್ಲಿ ಅರ್ಧ' ಎಂದು ನಂಬಿದವರು ಬಹಳ. ನಮ್ಮ ಕಾನೂನಿನಲ್ಲಿ ಹಾಗೆ ಅರ್ಧ ಪಾಲು ಇಲ್ಲ. ಇರುವುದು ಜೀವನಾಂಶ ಮತ್ತು ನಿಮ್ಮ ಸ್ತ್ರೀಧನ, ಅಂದರೆ ನಿಮಗೆಂದು ಕೊಟ್ಟ ಒಡವೆ, ಉಡುಗೊರೆ. ಸ್ತ್ರೀಧನ ಪೂರ್ತಿ ನಿಮ್ಮದೇ, ಯಾರೂ ಪಾಲು ಕೇಳುವಂತಿಲ್ಲ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಮೇಲೆ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚಿನ ಪೂರ್ತಿ ವಿವರದ ಅಫಿಡವಿಟ್ ಕೊಡಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಆದ್ದರಿಂದ ವಕೀಲರ ಹತ್ತಿರ ಹೋಗುವಾಗ ಕಣ್ಣೀರಿನ ಜೊತೆಗೆ ಕಾಗದಗಳನ್ನೂ ತೆಗೆದುಕೊಂಡು ಹೋಗಿ. ಲಗ್ನಪತ್ರಿಕೆ, ಮದುವೆ ಫೋಟೋ, ಮಕ್ಕಳ ಜನನ ಪತ್ರ, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು, ಒಡವೆ ಬಿಲ್ಲು. ಬಿಲ್ಲಿಲ್ಲದಿದ್ದರೆ ಆ ಒಡವೆ ತೊಟ್ಟ ಫೋಟೋ. ಮತ್ತೆ ಒಂದು ಹಾಳೆಯಲ್ಲಿ ದಿನಾಂಕಗಳು: ಮದುವೆ ಯಾವಾಗ, ಮನೆ ಬಿಟ್ಟದ್ದು ಯಾವಾಗ, ಪಂಚಾಯ್ತಿ ಆದದ್ದು ಯಾವಾಗ. ವಕೀಲರಿಗೆ ಆ ಒಂದು ಹಾಳೆ ಎರಡು ಗಂಟೆಯ ಮಾತಿಗೆ ಸಮ. ನಿಮ್ಮ ತಪ್ಪನ್ನೂ ಹೇಳಿ. ಎದುರಿನವರ ಬಾಯಿಂದ ಮೊದಲ ಸಲ ಕೇಳುವ ಸತ್ಯ ನಿಮ್ಮ ವಕೀಲರನ್ನು ಮೂಕರನ್ನಾಗಿಸುತ್ತದೆ.

ವಾಟ್ಸಾಪ್ ಚಾಟು, ಕರೆಯ ರೆಕಾರ್ಡಿಂಗು ತರುವವರಿಗೆ ಒಂದು ಮಾತು. ಗಂಡ ಹೆಂಡತಿ ನಡುವಿನ ಗುಟ್ಟಾಗಿ ಧ್ವನಿಮುದ್ರಿಸಿದ ಮಾತುಕತೆಯನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ತರಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ನಮ್ಮ ಕನ್ನಡದ ನ್ಯಾಯಮೂರ್ತಿ ನಾಗರತ್ನ ಅವರಿದ್ದ ಪೀಠ. ತರಬಹುದು ಎಂದರೆ ತರಲೇಬೇಕು ಎಂದಲ್ಲ. ಪೆನ್‌ಡ್ರೈವ್ ಪೂರ್ತಿ ತಂದು ಸುರಿಯುವ ಬದಲು, ಇದರಲ್ಲಿ ಯಾವುದು ಬೇಡ ಎಂದು ಹೇಳುವ ವಕೀಲರು ನಿಮಗೆ ಬೇಕು.

ಈಗ ಮಕ್ಕಳ ವಿಷಯ. 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು' ಎಂಬ ಗಾದೆ ಕಟ್ಟಿದವರು ನ್ಯಾಯದೇಗುಲ ಕಂಡಿರಲಿಲ್ಲ, ಆದರೂ ಎಷ್ಟು ಸರಿಯಾಗಿ ಕಂಡಿದ್ದರು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಎಂದು ಹಿಂದೂ ಅಪ್ರಾಪ್ತ ಮಕ್ಕಳ ಪಾಲನೆಯ 1956ರ ಕಾಯ್ದೆ ಹೇಳುತ್ತದೆ. 'ಸಾಮಾನ್ಯವಾಗಿ' ಎಂಬ ಪದವನ್ನು ಅಡಿಗೆರೆ ಎಳೆದು ಓದಿ. ಅದೇ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಹಾಗಾಗಿ ಮಗುವಿನ ಕೇಸಿಗೆ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಕಾನೂನಿನದಲ್ಲ. ಮಗುವಿನ ಕ್ಲಾಸ್ ಟೀಚರ ಹೆಸರೇನು? ಕೊನೆಯ ಲಸಿಕೆ ಯಾವಾಗ ಹಾಕಿಸಿದಿರಿ? ರಾತ್ರಿ ಯಾರ ಹತ್ತಿರ ಮಲಗುತ್ತದೆ? 'ನನ್ನ ಮಗು, ನನ್ನ ರಕ್ತ' ಎಂದು ಮೇಜು ಗುದ್ದಿದ ಎಷ್ಟೋ ಅಪ್ಪಂದಿರಿಗೆ ಶಾಲೆಗೆ ಹೋಗುವ ವ್ಯಾನಿನ ಬಣ್ಣ ಗೊತ್ತಿರಲಿಲ್ಲ. ಹಾಗೆಯೇ, ಅಪ್ಪನನ್ನು ಕಂಡರೆ ಓಡಿ ಹೋಗಿ ತಬ್ಬಿಕೊಳ್ಳುವ ಮಗುವಿಗೆ 'ಅಪ್ಪ ಕೆಟ್ಟವನು ಅಂತ ಜಡ್ಜ್ ಅಂಕಲ್ ಹತ್ತಿರ ಹೇಳು' ಎಂದು ಕಲಿಸಿ ತಂದ ತಾಯಂದಿರನ್ನೂ ಕಂಡಿದ್ದೇನೆ. ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಮಗುವಿಗೆ ಚಾಕಲೇಟು ಕೊಟ್ಟು ಮಾತಾಡಿಸಿದರೆ ಗಿಳಿಪಾಠ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಗುವಿನ ಕೇಸಿನಲ್ಲಿ ಜಾಣ ವಕೀಲರು ಕೇಳುವುದು ಸಣ್ಣ ಸಣ್ಣ ವಿಷಯ. ದಸರಾ ರಜೆಯ ಮೊದಲ ಅರ್ಧ ಯಾರ ಹತ್ತಿರ, ಪಾಸ್‌ಪೋರ್ಟು ಯಾರ ಕೈಯಲ್ಲಿ, ಜ್ವರ ಬಂದರೆ ಭೇಟಿಯ ದಿನ ಬದಲಾಗುವುದು ಹೇಗೆ, ಅಜ್ಜ ಅಜ್ಜಿ ನೋಡಬಹುದೇ, ಭೇಟಿಗೆ ಜಾಗ ಯಾವುದು. ಮಗು ಒಬ್ಬರ ಬಳಿ ಇದ್ದರೆ ಇನ್ನೊಬ್ಬರಿಗೆ ವಿಡಿಯೋ ಕರೆಯ ಮೂಲಕ ಮಾತಾಡುವ ಅವಕಾಶ ಇರಬೇಕು ಎಂದು 2020ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದೇಶದಲ್ಲಿ 'ಸೂಕ್ತ ಸಮಯದಲ್ಲಿ ಭೇಟಿ' ಎಂದು ಬರೆಸಿಕೊಂಡು ಬರುವ ವಕೀಲರು ನಿಮಗೆ ಮುಂದಿನ ಜಗಳವನ್ನೇ ಬರೆಸಿಕೊಟ್ಟಿರುತ್ತಾರೆ. ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6, ಇಂಥ ಜಾಗದಲ್ಲಿ, ಎಂದು ಬರೆಸಬೇಕು.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಕ್ಕಳಿರುವವರು ಇಲ್ಲಿ ಹಲವರಿದ್ದೀರಿ. ಅಲ್ಲಿನ ನ್ಯಾಯಾಲಯ ಕೊಟ್ಟ ವಿಚ್ಛೇದನ ಇಲ್ಲಿ ತಾನಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ, 1991ರ ನರಸಿಂಹ ರಾವ್ ತೀರ್ಪಿನಿಂದ ಅದಕ್ಕೆ ಕಟ್ಟುನಿಟ್ಟಿನ ಷರತ್ತುಗಳಿವೆ. ಮಗುವನ್ನು ಕರೆದುಕೊಂಡು ದಿಢೀರನೆ ಊರಿಗೆ ಬಂದುಬಿಡುವ ಮುಂಚೆ ಅಲ್ಲೊಬ್ಬ, ಇಲ್ಲೊಬ್ಬ ವಕೀಲರು ಪರಸ್ಪರ ಮಾತಾಡುವಂತೆ ಮಾಡಿ. ಅಪ್ಪನೋ ಅಮ್ಮನೋ ಬೇರೆ ದೇಶಕ್ಕೆ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ ಎಂದ ಮಾತ್ರಕ್ಕೆ ಇಲ್ಲಿನ ಹೈಕೋರ್ಟು ಮಗುವನ್ನು ವಾಪಸ್ ಕಳಿಸುವುದೇ ಇಲ್ಲ ಎಂದಲ್ಲ.

ವಕೀಲರನ್ನು ಬದಲಿಸಬಹುದೇ? ಬದಲಿಸಬಹುದು. ಹಳೆಯವರಿಂದ 'ನಮ್ಮ ಅಭ್ಯಂತರವಿಲ್ಲ' ಎಂಬ ಎನ್‌ಒಸಿ ತರುವುದು ರೂಢಿ. ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿ ಇದೆ ಎಂದು ನಿಮ್ಮ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದ ಮಾತು. ದುರ್ನಡತೆಗೆ ದೂರು ಕೊಡಬೇಕಾದ್ದು ರಾಜ್ಯ ವಕೀಲರ ಪರಿಷತ್ತಿಗೆ. ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು 2024ರ ಮೇನಲ್ಲಿ ತೀರ್ಮಾನವಾಗಿದೆ. ನನ್ನ ಪ್ರಕಾರ ಅದು ನಮ್ಮ ವೃತ್ತಿಗೆ ಅಷ್ಟೇನೂ ಗೌರವ ತರುವ ವಿನಾಯಿತಿಯಲ್ಲ. ಆದರೆ ವಾಯಿದೆ ಮುಂದೆ ಹೋಯಿತು ಎಂಬ ಸಿಟ್ಟಿಗೆ ವಕೀಲರನ್ನು ಬದಲಿಸಬೇಡಿ, ನ್ಯಾಯಾಧೀಶರು ರಜೆಯಲ್ಲಿದ್ದದ್ದು ನಮ್ಮ ತಪ್ಪಲ್ಲ. ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ ಸಿಎನ್‌ಆರ್ ಸಂಖ್ಯೆ ಹಾಕಿದರೆ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವಾಗ ಎಂದು ನೀವೇ ನೋಡಬಹುದು. ವಕೀಲರು ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗದೆ ಹೋದರೆ, ಆಗ ಯೋಚಿಸಿ.

(ಇಲ್ಲಿಂದ ಮುಂದೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಉಳಿಸಿಕೊಂಡಿದ್ದೇವೆ.)

'ಇಬ್ಬರೂ ಒಪ್ಪಿದ್ದೇವೆ, ಒಬ್ಬರೇ ವಕೀಲರು ಸಾಲದೇ?' ಎಂದು ಕೇಳಿದಿರಿ. ನಡೆಯುತ್ತದೆ, ದಿನಾ ನಡೆಯುತ್ತಿದೆ. ಆದರೆ ಒಪ್ಪಿಗೆ ಎಂಬುದು ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಆಗುವವರೆಗೂ ಹಿಂತೆಗೆದುಕೊಳ್ಳಬಹುದಾದ ಸಂಗತಿ, 1991ರಿಂದ ಕಾನೂನು ಹಾಗೇ ಇದೆ. ನಡುವೆ ಒಬ್ಬರು ಮುನಿಸಿಕೊಂಡರೆ ಆ ವಕೀಲರು ಯಾರ ಪರ? ಯಾರ ಪರವೂ ಸರಿಯಾಗಿ ನಿಲ್ಲಲಾರರು, ಒಬ್ಬರಿಗೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಇನ್ನೊಬ್ಬರ ಪರ ನಿಲ್ಲುವಂತಿಲ್ಲ. ಕನಿಷ್ಠ ಒಪ್ಪಂದದ ಕರಡನ್ನು ಬೇರೊಬ್ಬರಿಗೆ ತೋರಿಸಿ. ಹಣ ಎಷ್ಟು ಕಂತು, ಯಾವ ಕಂತು ಯಾವ ದಿನ, ಮನೆ ಸಾಲ ಯಾರು ತೀರಿಸಬೇಕು, ಬಾಕಿ ಇರುವ ಕೇಸುಗಳನ್ನು ಯಾರು ಯಾವಾಗ ಹಿಂತೆಗೆದುಕೊಳ್ಳಬೇಕು. ಇಷ್ಟನ್ನು ಇನ್ನೊಂದು ಜೊತೆ ಕಣ್ಣು ನೋಡಲಿ.

ಹಿಂದಿನ ಸಾಲಿನ ಅಮ್ಮ ಕೇಳಿದ್ದು: ವಕೀಲರೇ ಇಲ್ಲದೆ ವಾದ ಮಾಡಬಹುದಾ?

ಮಾಡಬಹುದಮ್ಮ. ನಾನು ಶುರುವಿನಲ್ಲೇ ಹೇಳಿದೆನಲ್ಲ. ಒಂದು ಕಥೆ ಹೇಳಿ ಮುಗಿಸುತ್ತೇನೆ. ಹೊಲಿಗೆ ಕೆಲಸದ ಹೆಂಗಸು, ಇಬ್ಬರು ಮಕ್ಕಳು. ಜೀವನಾಂಶದ ಅರ್ಜಿ, ವಕೀಲರಿಲ್ಲ, ತಾನೇ ನಿಂತಿದ್ದಳು. ಗಂಡನಿಗೆ ವಕೀಲರಿದ್ದರು. ಪಾಟೀಸವಾಲಿನಲ್ಲಿ ಅವರು, 'ತಿಂಗಳಿಗೆ ಇಷ್ಟು ಖರ್ಚು ಎನ್ನುತ್ತೀರಲ್ಲ, ಆಧಾರ ಏನು?' ಎಂದು ಗದರುವ ದನಿಯಲ್ಲಿ ಕೇಳಿದರು. ಅವಳು ಸೆರಗಿನ ಮರೆಯಿಂದ ಇನ್ನೂರು ಪುಟದ ಶಾಲೆಯ ನೋಟ್‌ಬುಕ್ ತೆಗೆದಳು. ಎರಡು ವರ್ಷದ ಲೆಕ್ಕ. ಹಾಲು, ಗ್ಯಾಸು, ಟ್ಯೂಷನ್, ದೊಡ್ಡವಳ ಕನ್ನಡಕ, ಚಿಕ್ಕವನ ಶೂ, ಮೂರು ರೂಪಾಯಿಯ ಗುಂಡಿ. ಒಂದೊಂದು ತಿಂಗಳ ಕೊನೆಗೂ ಕೂಡಿಸಿ ಕೆಳಗೆ ಗೆರೆ ಎಳೆದಿದ್ದಳು. ನ್ಯಾಯಾಧೀಶರು ಅದನ್ನು ಈಸಿಕೊಂಡು ಓದಿದರು. ಮೊದಲು ಮೇಲೆ ಮೇಲೆ, ಆಮೇಲೆ ನಿಧಾನವಾಗಿ, ಪುಟ ಪುಟ. ಎದುರಿನ ವಕೀಲರಿಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ. ಅವಳು ಕೇಳಿದ ಮೊತ್ತದ ಹತ್ತಿರ ಹತ್ತಿರವೇ ಆದೇಶ ಆಯಿತು.

ಆ ಎದುರಿನ ವಕೀಲೆ ನಾನೇ. ಆದೇಶದ ದಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ಫೈಲು ಕಟ್ಟುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತಳು. ಬೈಯುತ್ತಾಳೆ ಎಂದುಕೊಂಡೆ. 'ಮೇಡಂ, ನಿಮ್ಮ ಕಾರ್ಡ್ ಇದ್ದರೆ ಒಂದು ಕೊಡಿ' ಎಂದಳು. 'ನಿಮಗ್ಯಾಕಮ್ಮ, ಚೆನ್ನಾಗಿಯೇ ವಾದ ಮಾಡುತ್ತೀರಲ್ಲ?' ಎಂದೆ.

'ನನಗಲ್ಲ' ಎಂದಳು. 'ಅಕ್ಕನ ಮಗಳಿಗೆ. ಅವಳಿಗೆ ಲೆಕ್ಕ ಬರೆಯೋ ಅಭ್ಯಾಸ ಇಲ್ಲ.'